ಆರನೆಯ ಗಂಟೆಯ ಅಂಕಿ

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಹಿಡಿದುಕೊಳ್ಳುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಗುರುಗುಟ್ಟುತ್ತಾ ಅಂಚಿನ ಕಡೆಗೆ ಸರಿಯತೊಡಗಿತು. ಅವಳು ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿ, ಮೂರೂ ಎಳೆಗಳನ್ನು ಒಂದೇ ಮುಷ್ಟಿಗೆ ಒಟ್ಟುಮಾಡಿ, ಮಗಳನ್ನೂ ತನ್ನ ಜೊತೆ ಎರಡು ಹೆಜ್ಜೆ ಎಳೆದುಕೊಂಡು ಹೋಗಿ, ಫೋನು ಬೀಳುವ ಮೊದಲೇ ಹಿಡಿದಳು. ಆಸ್ಪತ್ರೆಯಿಂದ ದೊಡ್ಡ ಮೇಡಂ.

"ರಜೆಯ ದಿನ ತೊಂದರೆ ಕೊಡ್ತಾ ಇದ್ದೀನಿ, ಬೈಕೋಬೇಡಿ. ತಪಾಸಣೆ ಮಾಡೋ ನಮ್ಮ ಭೂತಗನ್ನಡಿ ಎರಡು ದಿನ ಮುಂಚೇನೇ ಬಂದು ಕೂತಿದ್ದಾನೆ. ಹದಿನಾಲ್ಕನೆಯವರ ಕಡತ ಇವತ್ತೇ ನೋಡಿ ಸಹಿ ಹಾಕ್ತಾನಂತೆ. ಹೇಗೂ ಅವರ ಕೊನೇ ಭೇಟಿ ಇವತ್ತೇ ಅಲ್ವಾ? ನೀವಿಲ್ಲದಿದ್ರೆ ಯಾವ ಕಾಗದ ಎಲ್ಲಿದೆ ಅಂತ ನನಗೆ ತಲೆಬುಡ ತಿಳಿಯಲ್ಲ."

"ಬರ್ತೀನಿ ಮೇಡಂ" ಅಂದಳು. ಬಾಯಲ್ಲಿ ಬಾಚಣಿಗೆಯಿದ್ದುದರಿಂದ ಅದು ಯಾರೋ ಮುದುಕಿಯ ಮಾತಿನಂತೆ ಕೇಳಿಸಿತು.

"ಅಮ್ಮಾ, ಎಳೀಬೇಡ" ಅಂದಳು ಮಗಳು. ಹದಿನಾಲ್ಕು ಎಂಬ ಸಂಖ್ಯೆ ಕಿವಿಗೆ ಬಿದ್ದ ಗಳಿಗೆಯಲ್ಲಿ ಮುಷ್ಟಿ ಬಿಗಿಯಾದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಕೈ ಸಡಿಲಿಸಿದಳು. ಎಳೆಗಳು ಬಿಚ್ಚಿಕೊಂಡವು. ಇವತ್ತು ಶಾಲೆಗೂ ರಜ, ತನಗೂ ರಜ, ಇಬ್ಬರೂ ಕೆರೆಯ ಪಾರ್ಕಿಗೆ ಹೋಗಿ ಕಾಲಿನಿಂದ ತುಳಿಯುವ ದೋಣಿಯಲ್ಲಿ ಕೂರುವುದೆಂದು ಎರಡು ವಾರದಿಂದ ಹೇಳಿಕೊಂಡು ಬಂದದ್ದು. ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು, ಗಂಡ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಟಿದ್ದ. ಮಗುವನ್ನು ಬಿಟ್ಟುಹೋಗುವ ಹಾಗಿರಲಿಲ್ಲ.

"ನೀನೂ ಬಾ ಪುಟ್ಟಾ. ಒಂದೇ ಗಂಟೆಯ ಕೆಲಸ."

"ನಿನ್ನ ಒಂದು ಗಂಟೆ ಅಂದ್ರೆ ಮೂರು" ಅಂದಳು ಮಗಳು. ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗಿತ್ತು. ಒಂಬತ್ತು ವರ್ಷಕ್ಕೇ ಅವಳಿಗೆ ಅಮ್ಮನ ಮಾತನ್ನು ಮೂರರಿಂದ ಗುಣಿಸಿಕೊಳ್ಳುವ ಅಭ್ಯಾಸವಾಗಿತ್ತು. ಬಲಗಡೆಯ ಕೂದಲಿಗೆ ಬರೀ ರಬ್ಬರ್ ಬ್ಯಾಂಡ್ ಸುತ್ತಿ ಇಬ್ಬರೂ ಹೊರಟರು.

ಬಸ್ಸಿನಲ್ಲಿ ಮಗಳಿಗೆ ಕಿಟಕಿಯ ಸೀಟು ಕೊಟ್ಟು ಅವಳು ಪಕ್ಕದಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅದರ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಆರು ವಾರದಿಂದ ಹೀಗೇ. ಕೈಗೆ ಏನಾದರೂ ಬೇಕು. ಬೇರೆಯವರ ಕಣ್ಣಿಗೆ ಅವಳ ಕೆಲಸ ಬಹಳ ಸುಲಭದ್ದು. ಗರ್ಭಕೋಶದ ಗಡ್ಡೆಗಳನ್ನು ತೆಗೆಸಿಕೊಂಡ ಹೆಂಗಸರ ಮಂಚದ ಬಳಿ ಆಪರೇಷನ್ ಮುಗಿದ ಎರಡನೆಯ, ಆರನೆಯ, ಹನ್ನೆರಡನೆಯ ಗಂಟೆಗೆ ಹೋಗಿ ನಿಲ್ಲುವುದು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಎಂದು ಕೇಳುವುದು, ಹೇಳಿದ್ದನ್ನು ಬರೆದುಕೊಳ್ಳುವುದು. ಅವಳು ಇಲ್ಲದ ಹೊತ್ತಿನಲ್ಲಿ ಪಾಳಿಯ ಇನ್ನೊಬ್ಬ ನರ್ಸ್ ಬರೆಯುತ್ತಾಳೆ. ಅರ್ಧದಷ್ಟು ಹೆಂಗಸರಿಗೆ ಆಪರೇಷನ್ ಮುಗಿಯುವಾಗ ಹೊಟ್ಟೆಯ ಎರಡೂ ಬದಿಯ ನರಗಳ ಹತ್ತಿರ ಮರಗಟ್ಟಿಸುವ ಮದ್ದು ಚುಚ್ಚಿರುತ್ತಾರೆ, ಇನ್ನರ್ಧ ಹೆಂಗಸರಿಗೆ ಅದೇ ಜಾಗಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಅಂಟಿಸಿದ ಲಕೋಟೆಯಲ್ಲಿ ಇರುತ್ತದೆ. ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ, ಕೇಳುವ ಇವಳಿಗೂ ಗೊತ್ತಿಲ್ಲ, ದೊಡ್ಡ ಮೇಡಂಗೂ ಗೊತ್ತಿಲ್ಲ. ಎಲ್ಲಾ ಸೇರಿ ತೊಂಬತ್ತು ಹೆಂಗಸರು. ಆಮೇಲೆ ಲಕೋಟೆ ಒಡೆದು, ಆ ಮದ್ದು ಎಷ್ಟು ಹೊತ್ತು ನೋವನ್ನು ತಡೆಯುತ್ತದೆ ಎಂದು ಹೇಳುವುದು. ಕೆಲಸಕ್ಕೆ ಸೇರಿದ ದಿನವೇ ಮೇಡಂ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರು: ಮೊದಲು ಬಾಯಿಗೆ ಬಂದ ಅಂಕಿಯನ್ನೇ ಬರೀಬೇಕು. ಎರಡನೇ ಸಲ ಕೇಳಬಾರದು. ಹುಬ್ಬು ಕೂಡ ಏರಿಸಬಾರದು, ಹೆಂಗಸರು ಹುಬ್ಬನ್ನೂ ಓದ್ತಾರೆ.

ಹದಿನಾಲ್ಕನೆಯವರು ದರ್ಜಿ. ವಾರ್ಡಿನಲ್ಲಿ ಎಲ್ಲರೂ ದರ್ಜಿಯಮ್ಮ ಎನ್ನುತ್ತಿದ್ದರು. ಏಳು ಗಡ್ಡೆಗಳು, ಒಂದಂತೂ ಮುಷ್ಟಿಗಾತ್ರದ್ದು. "ನನ್ನ ಸೂಜಿದಿಂಬಿನಷ್ಟಿತ್ತಂತೆ, ನಾನೇ ಬಟ್ಟೆ ತುಂಬಿ ಹೊಲಿದುಕೊಂಡಿದ್ನೋ ಏನೋ" ಎಂದು ನಗುವ ಹೆಂಗಸು. ಅವತ್ತು ಆರನೆಯ ಗಂಟೆ ಬಿದ್ದದ್ದು ಸರಿಯಾಗಿ ಸಂಜೆ ನಾಲ್ಕಕ್ಕೆ. ಅವಳ ಪಾಳಿ ಮುಗಿಯುವುದೂ ನಾಲ್ಕಕ್ಕೆ, ಮಗಳ ಶಾಲೆ ಬಿಡುವುದೂ ನಾಲ್ಕಕ್ಕೆ. ಅತ್ತೆ ಅವತ್ತೂ ಊರಲ್ಲಿರಲಿಲ್ಲ. ಅದರ ಹಿಂದಿನ ತಿಂಗಳು ಒಂದು ದಿನ ಹೀಗೇ ತಡವಾಗಿ ಹೋದಾಗ ಇಡೀ ಶಾಲೆ ಖಾಲಿಯಾಗಿ, ಮಗಳು ಗೇಟಿನ ಕಂಬಕ್ಕೆ ಬೆನ್ನು ಒತ್ತಿಕೊಂಡು, ಕಾವಲುಗಾರ ಕೊಟ್ಟ ಬಿಸ್ಕತ್ತನ್ನು ತಿನ್ನದೆ ಕೈಯಲ್ಲೇ ಹಿಡಿದು ನಿಂತಿದ್ದಳು. ಅತ್ತಿರಲಿಲ್ಲ. ಬಿಸ್ಕತ್ತು ಮಾತ್ರ ಬೆವರಿಗೆ ಹಿಟ್ಟಾಗಿತ್ತು. "ಸೊನ್ನೆಯಿಂದ ಹತ್ತರೊಳಗೆ ಈಗ ಎಷ್ಟು?" ಎಂದು ಅವಳು ಕೇಳಿದಳು. "ಎಂಟು" ಅಂದರು ದರ್ಜಿಯಮ್ಮ, ತುಟಿ ಒಣಗಿತ್ತು. ಆರರ ಮೇಲೆ ಹೋದರೆ ಪಾಳಿಯ ಡಾಕ್ಟರನ್ನು ಕರೆಯಬೇಕು, ಬೀರುವಿನಿಂದ ಇಂಜೆಕ್ಷನ್ ತೆಗೆಸಬೇಕು, ಎರಡು ಪುಟ ತುಂಬಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ಪಕ್ಕದಲ್ಲೇ ನಿಂತು ನಾಡಿ ನೋಡಬೇಕು. ಗೋಡೆಯ ಗಡಿಯಾರದ ದೊಡ್ಡ ಮುಳ್ಳು ಹನ್ನೆರಡನ್ನು ದಾಟಿತ್ತು. "ಎಂಟಾ?" ಎಂದಳು ಅವಳು. "ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಹತ್ತು ಅಂದ್ರೆ ಪ್ರಾಣ ಹೋಗೋ ಹಾಗಿರ್ಬೇಕು. ನಂಗೂ ಸ್ಕೂಲ್ ಹತ್ರ ಮಗು ಕಾಯ್ತಾ ಇದೆ." ಕೊನೆಯ ಮಾತು ಯಾಕೆ ಬಂತೋ. ದರ್ಜಿಯಮ್ಮ ಅವಳ ಮುಖವನ್ನು ನೋಡಿದರು, ಬಟ್ಟೆಯ ಅಳತೆ ನೋಡುವವರು ನೋಡುವ ಹಾಗೆ, ಎಲ್ಲಿ ಎಷ್ಟು ಬಿಡಬೇಕು, ಎಲ್ಲಿ ಎಷ್ಟು ಹಿಡಿಯಬೇಕು ಎಂದು. "ಹಾಗಾದ್ರೆ ಐದು ಬರ್ಕೊಳ್ಳಿ ಸಿಸ್ಟರ್" ಅಂದರು. ಅವಳು ಐದು ಬರೆದಳು. ಓಡಿದಳು. ಶಾಲೆಯ ಗೇಟಿಗೆ ನಾಲ್ಕೂ ಹದಿನೆಂಟಕ್ಕೆ ತಲುಪಿದಾಗ ಮಗಳು ಓಡಿಬಂದು ಸೊಂಟ ತಬ್ಬಿಕೊಂಡಳು. ಆ ತಬ್ಬುಗೆಯಲ್ಲಿ ತನಗೆ ಎಷ್ಟು ಸುಖವಾಯಿತು ಎಂಬುದನ್ನು ಈಗ ನೆನೆಯಲು ಅವಳಿಗೆ ಧೈರ್ಯವಿಲ್ಲ.

ಬರೆದದ್ದರಲ್ಲಿ ಸುಳ್ಳೇನಿಲ್ಲ. ಐದು ಎಂದು ಅವರೇ ಹೇಳಿದ್ದು. ಈ ಮಾತನ್ನು ಅವಳು ಆರು ವಾರದಿಂದ ಪಾತ್ರೆ ತೊಳೆಯುತ್ತಾ, ಬಟ್ಟೆ ಒಣಹಾಕುತ್ತಾ, ಮಗಳ ಬೂಟಿನ ಲಾಡಿ ಬಿಗಿಯುತ್ತಾ ತನಗೆ ತಾನೇ ಹೇಳಿಕೊಂಡಿದ್ದಾಳೆ. ಪಾತ್ರೆ ತೊಳೆಯುವಾಗ ಮಾತ್ರ ಅದು ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಅಲ್ಲಿ ಅಮ್ಮ ಬಂದುಬಿಡುತ್ತಾಳೆ. ಅಮ್ಮ ಹೀಗೇ ತೊಟ್ಟಿಯ ಮುಂದೆ ನಿಂತು ತೊಳೆಯುತ್ತಾ ತೊಳೆಯುತ್ತಾ ಇದ್ದಕ್ಕಿದ್ದಂತೆ ನಿಂತುಹೋಗುತ್ತಿದ್ದಳು. ಅಂಚನ್ನು ಹಿಡಿದುಕೊಂಡು, ತಲೆ ತಗ್ಗಿಸಿ. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಬಾಗಿಲ ಮರೆಯಲ್ಲಿದ್ದ ಹುಡುಗಿ ನೀರಿನ ಸದ್ದು ಬದಲಾಗುವವರೆಗೆ, ಅಂದರೆ ಅದರ ಕೆಳಗೆ ಮತ್ತೆ ಒಂದು ತಟ್ಟೆ ಬರುವವರೆಗೆ, ಉಸಿರು ಬಿಗಿಹಿಡಿದಿರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಅಮ್ಮ ಏನಿಲ್ಲ ಎನ್ನುತ್ತಾಳೆ, ಆ ಏನಿಲ್ಲವನ್ನು ನಂಬಬೇಕಾಗುತ್ತದೆ. ಮುಂದೆ ನರ್ಸಿಂಗ್ ಓದುವಾಗ ಪುಸ್ತಕದ ಒಂದು ಪುಟದಲ್ಲಿ ಅಮ್ಮನನ್ನು ಸಾಲುಸಾಲಾಗಿ ಅಚ್ಚುಹಾಕಿದ್ದರು: ಹೆಚ್ಚು ರಕ್ತಸ್ರಾವ, ಸುಸ್ತು, ಸೊಂಟ ನೋವು, ಕೆಳಹೊಟ್ಟೆಯಲ್ಲಿ ಭಾರ. ಅಷ್ಟು ಹೊತ್ತಿಗೆ ಅಮ್ಮ ಇರಲಿಲ್ಲ. ಅಮ್ಮನನ್ನು ಕೇಳದೆ ಉಳಿದದ್ದನ್ನು ಬೇರೆ ಹೆಂಗಸರನ್ನು ಕೇಳುವ ಕೆಲಸ ಸಿಕ್ಕಿತಲ್ಲ ಎಂದು ಅವಳು ಒಳಗೊಳಗೇ ಹೆಮ್ಮೆಪಟ್ಟುಕೊಂಡದ್ದೂ ಉಂಟು. ಯಾರಿಗೂ ಹೇಳಿಕೊಂಡಿರಲಿಲ್ಲ, ಸದ್ಯ.

"ಅಮ್ಮಾ, ನಮ್ಮ ಸ್ಟಾಪು" ಎಂದು ಮಗಳು ಮೊಣಕೈಯಿಂದ ತಿವಿದಳು.

ಸಂಶೋಧನೆಯ ಕೋಣೆ ಎರಡನೇ ಮಹಡಿಯಲ್ಲಿ, ಕಾರಿಡಾರಿನ ಕೊನೆಗೆ. ಒಂದು ಕಡೆ ಗಾಜಿನ ಗೋಡೆ. ಭೂತಗನ್ನಡಿ ಆಗಲೇ ಅವಳ ಕುರ್ಚಿಯಲ್ಲಿ ಕೂತು, ಅವಳ ಪೆನ್ನಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ತನ್ನ ಲ್ಯಾಪ್‌ಟಾಪ್ ತೆರೆದಿದ್ದ. ಕಾಗದದ ಮೇಲಿನ ಒಂದೊಂದು ಅಂಕಿಯನ್ನೂ ಕಂಪ್ಯೂಟರಿನಲ್ಲಿರುವುದಕ್ಕೆ ತಾಳೆ ನೋಡುವುದು ಅವನ ಕೆಲಸ. ಕೆಟ್ಟವನೇನಲ್ಲ. ಎಲ್ಲರ ಹತ್ತಿರವೂ ಮೆತ್ತಗೆ ಮಾತಾಡುತ್ತಾನೆ, ಅದರಿಂದಲೇ ಹೆದರಿಕೆ. "ರಜೆಯಲ್ಲೂ ಬಂದ್ರಿ, ಥ್ಯಾಂಕ್ಸ್ ಸಿಸ್ಟರ್" ಎಂದು ಅರ್ಧ ಎದ್ದ, ಮತ್ತೆ ಕೂತ. ಅವಳು ಬೀರುವಿನ ಬೀಗ ತೆಗೆದು ಹದಿನಾಲ್ಕನ್ನು ಕೊಟ್ಟಳು. ಕಡತ ಅವಳ ಕೈಯಿಂದ ಹೋಗಲು ಒಂದು ಗಳಿಗೆ ತಡೆಯಿತು. ಅವನು ಅದನ್ನು ಮೆಲ್ಲಗೆ ಎಳೆದುಕೊಳ್ಳಬೇಕಾಯಿತು. ಈಗಲೇ ಹೇಳಿಬಿಡಬಹುದು. ಸಾರ್, ಅಲ್ಲಿ ಐದು ಅಂತ ಇದೆಯಲ್ಲ, ಮೊದಲು ಬಾಯಿಗೆ ಬಂದದ್ದು ಎಂಟು. ಹೇಳಿದರೆ ಹದಿನಾಲ್ಕರಲ್ಲೇ ನಿಲ್ಲುವುದಿಲ್ಲ. ಅವಳು ಬರೆದ ಎಲ್ಲ ಅಂಕಿಗಳನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಮೇಡಂ ನಾಲ್ಕು ವರ್ಷದಿಂದ ಕಟ್ಟಿಕೊಂಡು ಬಂದದ್ದು ಹೋಗುತ್ತದೆ, ಈ ಕೆಲಸ ಹೋಗುತ್ತದೆ. ಹೇಳದಿದ್ದರೆ ಇವತ್ತು ಸಹಿ ಬೀಳುತ್ತದೆ, ಕಡತ ಮುಚ್ಚುತ್ತದೆ, ಆ ಐದು ಎಂಬ ಅಂಕಿ ತೊಂಬತ್ತು ಹೆಂಗಸರ ಲೆಕ್ಕದಲ್ಲಿ ಸೇರಿ ಸತ್ಯವಾಗುತ್ತದೆ. ನಾಳೆ ಎಲ್ಲೋ ಇನ್ನೊಬ್ಬ ಹೆಂಗಸು ಎಂಟು ಎಂದರೆ, ಆರು ಗಂಟೆಯವರೆಗೆ ಅಷ್ಟೆಲ್ಲಾ ಇರೋದಿಲ್ಲಮ್ಮ, ಪುಸ್ತಕದಲ್ಲೇ ಇದೆ ಎನ್ನುತ್ತಾರೆ.

"ನಿಮ್ಮ ಮಗಳಾ?" ಎಂದು ಅವನು ಗಾಜಿನ ಆಚೆ ನೋಡಿದ.

ಅವಳು ತಿರುಗಿ ನೋಡಿದಳು. ಕಾರಿಡಾರಿನ ಬೆಂಚಿನ ಮೇಲೆ ಮಗಳು ಪಕ್ಕಕ್ಕೆ ತಿರುಗಿ ಕೂತಿದ್ದಳು. ಅವಳ ಹಿಂದೆ, ಒಂದು ಕಾಲನ್ನು ಮಡಚಿಕೊಂಡು, ದರ್ಜಿಯಮ್ಮ. ರಬ್ಬರ್ ಬ್ಯಾಂಡನ್ನು ತಮ್ಮ ಮಣಿಕಟ್ಟಿಗೆ ಹಾಕಿಕೊಂಡು ಬಲಗಡೆಯ ಜಡೆ ಹೆಣೆಯುತ್ತಿದ್ದರು. ಬೆರಳುಗಳು ಅವುಗಳ ಪಾಡಿಗೆ ಓಡುತ್ತಿದ್ದವು, ಬಾಯಿ ಅದರ ಪಾಡಿಗೆ. ಗಾಜಿನಿಂದಾಗಿ ಏನೂ ಕೇಳಿಸುತ್ತಿರಲಿಲ್ಲ. ದರ್ಜಿಯಮ್ಮ ಏನೋ ಹೇಳಿ ನಕ್ಕರು. ಮಗಳು ನಗಲಿಲ್ಲ. ತಲೆ ಅಲ್ಲಾಡಿಸಬಾರದು ಎಂದು ಕತ್ತನ್ನು ನೆಟ್ಟಗೆ ಹಿಡಿದು, ಕಣ್ಣುಗಳನ್ನು ಮಾತ್ರ ಹೊರಳಿಸಿ ಗಾಜಿನೊಳಗಿದ್ದ ಅಮ್ಮನ ಕಡೆ ನೋಡಿದಳು. ಆ ನೋಟವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು ಅವಳಿಗೆ, ಎಲ್ಲಿ ಎಂದು ತಿಳಿಯಲಿಲ್ಲ. ಅವಳು ಹೊರಗೆ ಹೋದಳು.

"ಬನ್ನಿ ಸಿಸ್ಟರ್" ಅಂದರು ದರ್ಜಿಯಮ್ಮ, ಆಸ್ಪತ್ರೆಯೇ ತಮ್ಮ ಮನೆಯೆಂಬಂತೆ. "ಒಂದು ಕಡೆ ಜಡೆ, ಒಂದು ಕಡೆ ಕುದುರೆಬಾಲ. ಅರ್ಧ ಹೊಲಿದ ಅಂಗಿ ನೋಡಿದ್ರೆ ನನ್ನ ಕೈ ಸುಮ್ಮನಿರಲ್ಲ."

"ಅವಸರದಲ್ಲಿ ಹೊರಟೆ" ಅಂದಳು ಅವಳು. ಹಾಗೆ ಅಂದದ್ದೇ ತಡ ಕಿವಿ ಬಿಸಿಯಾಯಿತು.

"ನಿಮಗೆ ಯಾವತ್ತು ಅವಸರ ಇಲ್ಲ ಹೇಳಿ." ಗಂಟು ಹಾಕಿ, ಜಡೆಯ ತುದಿಯನ್ನು ಮಗಳ ಭುಜದ ಮೇಲೆ ತಂದು ಬಿಟ್ಟರು. "ಹೂಂ, ಈಗ ರಾಣಿ."

ಕೊನೆಯ ಭೇಟಿಯ ಪ್ರಶ್ನೆಗಳನ್ನು ಕೇಳಬೇಕಾದದ್ದು ಪಕ್ಕದ ಚಿಕ್ಕ ಕೋಣೆಯಲ್ಲಿ. ಒಂದು ಮೇಜು, ಎರಡು ಕುರ್ಚಿ, ತೂಕದ ಯಂತ್ರ. ರಕ್ತ ಹೋಗುವುದು ಕಡಿಮೆಯಾಗಿದೆಯಾ, ಆಗಿದೆ. ಕೆಲಸಕ್ಕೆ ಹೋಗುತ್ತಿದ್ದೀರಾ, ಮೂರನೇ ವಾರದಿಂದಲೇ, ಮೆಷಿನ್ ತುಳಿದರೆ ಮಾತ್ರ ಹೊಲಿಗೆಯ ಜಾಗ ಚುರುಕ್ ಅನ್ನುತ್ತೆ. ಈಗ ನೋವು ಎಷ್ಟು, ಒಂದು. ಅವಳು ಒಂದು ಬರೆದಳು. ಪೆನ್ನನ್ನು ಎತ್ತದೆ ಅಲ್ಲೇ ಊರಿ ಹಿಡಿದುಕೊಂಡು, ಕಾಗದ ನೋಡುತ್ತಲೇ ಕೇಳಿದಳು: "ಅವತ್ತು ಸಂಜೆ, ಆಪರೇಷನ್ ದಿನ... ನಿಜವಾಗಿ ಎಷ್ಟಿತ್ತು?"

"ಅದನ್ನ ಈಗ ಯಾಕೆ ಕೇಳ್ತೀರಿ ಬಿಡಿ."

"ಹೇಳಿ."

"ಎಂಟು ಅಂದೆನಲ್ಲ" ಅಂದರು ದರ್ಜಿಯಮ್ಮ, ಸಹಜವಾಗಿ. "ಎಂಟೇ. ಆಮೇಲೆ ಏರ್ತು. ಎದುರಿನ ಗೋಡೆಗೆ ಬಿಳಿ ಟೈಲ್ಸ್ ಇದ್ಯಲ್ಲ, ಅದನ್ನ ಎಣಿಸ್ತಾ ಮಲಗಿದ್ದೆ. ಇನ್ನೂರ ಹನ್ನೆರಡು. ಮೂಲೇಲಿರೋ ಅರ್ಧ ತುಂಡುಗಳನ್ನ ಬಿಟ್ಟು. ಹತ್ತು ಗಂಟೆಗೆ ಇನ್ನೊಬ್ಬ ಸಿಸ್ಟರ್ ಬಂದು ಕೇಳಿದ್ರು, ಒಂಬತ್ತು ಅಂದೆ, ಅವರು ಏನೂ ಮಾತಾಡದೆ ಸೂಜಿ ಹಾಕಿದ್ರು ನೋಡಿ, ಹೋದ ಜೀವ ಬಂತು."

"ಕರೆಯಬಾರದಿತ್ತಾ? ಯಾರನ್ನಾದ್ರೂ?"

"ಐದು ಅಂತ ಬರೆಸಿ ಆಮೇಲೆ ಕೂಗಿಕೊಂಡ್ರೆ ನಿಮ್ಮ ಮೇಲೆ ಬರ್ತಿತ್ತಲ್ಲ." ಅವರು ಮೇಜಿನ ಅಂಚಿನಲ್ಲಿ ಬಿದ್ದಿದ್ದ ಒಂದು ದಾರದ ಎಳೆಯನ್ನು ಉಗುರಿನಿಂದ ಎತ್ತಿದರು. ಅವರ ರವಿಕೆಯ ತೋಳಿನಿಂದಲೇ ಬಿದ್ದದ್ದು. "ಮಗು ಕಾಯ್ತಾ ಇದೆ ಅಂದ್ರಿ. ನನ್ನ ಇಬ್ಬರೂ ಹೀಗೇ ಎಲ್ಲೆಲ್ಲೋ ಕಾಯ್ಕೊಂಡೇ ಬೆಳೆದ್ರು. ಗಿರಾಕಿ ಎದ್ದು ಹೋಗೋವರೆಗೆ ನಾನು ಅಂಗಡಿ ಬಿಡೋ ಹಾಗಿರಲಿಲ್ಲ. ಅದಕ್ಕೇ ಅಂದೆ, ಹೋಗ್ಲಿ, ಐದು. ಈಗ ಇವಳಿಗೂ ಅದನ್ನೇ ಹೇಳ್ತಾ ಇದ್ದೆ. ಮರಿ, ನಿನ್ನ ಅಮ್ಮ ಓಡಿಬರಲಿ ಅಂತ ನಾನು ಎಂಟನ್ನ ಐದು ಮಾಡಿದೋಳು, ನಂಗೆ ನೀನೊಂದು ಮುತ್ತು ಕೊಡಬೇಕು ಅಂತ."

ಅವಳ ಕೈಯಲ್ಲಿದ್ದ ಪೆನ್ನು ಒಂದರ ಬುಡದಲ್ಲಿ ಇಷ್ಟು ದಪ್ಪ ಚುಕ್ಕೆ ಮಾಡಿತ್ತು.

"ಕೊಟ್ಟಳಾ?" ಎಂದು ಕೇಳಿದಳು.

"ಇಲ್ಲ ಕಣ್ರೀ. ನಾಚಿಕೆ ಅನ್ಸುತ್ತೆ. ಆಂಟಿ, ಎಂಟು ಅಂದ್ರೆ ತುಂಬಾನಾ ಅಂದ್ಲು." ದರ್ಜಿಯಮ್ಮ ಎದ್ದರು, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನಿಧಾನವಾಗಿ. "ಮನಸ್ಸಿಗೆ ಹಚ್ಕೋಬೇಡಿ ಸಿಸ್ಟರ್. ಮುಗೀತಲ್ಲ." ಅವಳ ಭುಜವನ್ನು ಎರಡು ಸಲ ತಟ್ಟಿದರು, ಹೊಲಿದು ಮುಗಿಸಿದ ಬಟ್ಟೆಯನ್ನು ಮಡಚಿ ತಟ್ಟುವ ಹಾಗೆ. ಬೈದಿದ್ದರೆ ಆಗುತ್ತಿತ್ತು. ಬೈದವರಿಗೆ ಏನಾದರೂ ಉತ್ತರ ಹೇಳಬಹುದು. ಅವರು ಕಾರಿಡಾರಿನಲ್ಲಿ ಎಡಗಾಲನ್ನು ಸ್ವಲ್ಪ ಎಳೆಯುತ್ತಾ ಲಿಫ್ಟಿನ ಕಡೆ ಹೋಗುವುದನ್ನು ನೋಡುತ್ತಾ ನಿಂತಳು. ಲಿಫ್ಟಿನ ಬಾಗಿಲು ಮುಚ್ಚುವಾಗ ಅವರು ಕೈಬೀಸಿದ್ದು ಮಗಳಿಗೆ.

ಮಗಳು ಬೆಂಚಿನಿಂದ ಇಳಿದು ಬಂದಳು. "ಅಮ್ಮಾ..."

"ಆಮೇಲೆ ಪುಟ್ಟಾ. ಇನ್ನೊಂದು ಚೂರು ಕೆಲಸ ಇದೆ."

"ಒಂದೇ ಕೇಳೋದು."

"ಆಮೇಲೆ ಅಂದೆನಲ್ಲ." ಧ್ವನಿ ಏರಿತು. ಆಚೆ ಬದಿಯ ಬೆಂಚಿನಲ್ಲಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ಮಗಳು ಬಾಯಿ ಮುಚ್ಚಿಕೊಂಡು ವಾಪಸ್ ಹೋಗಿ ಕೂತಳು, ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು. ಈ ಕೂಸಿಗೆ ಮುಖ ತೋರಿಸುವುದಕ್ಕಿಂತ ಒಳಗೆ ಕೂತಿರುವವನಿಗೆ ಮುಖ ತೋರಿಸುವುದು ಸುಲಭ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಕಾಲು ಒಳಗೇ ಹೋಯಿತು. ಹೇಳಿಬಿಡುತ್ತೇನೆ, ಬಾಗಿಲು ತೆಗೆದ ತಕ್ಷಣ ಹೇಳಿಬಿಡುತ್ತೇನೆ. ಬಾಗಿಲು ತೆಗೆದಾಗ ದೊಡ್ಡ ಮೇಡಂ ಮೇಜಿನ ಮೇಲೆ ಬಗ್ಗಿ ನಿಂತಿದ್ದರು, ಆಪರೇಷನ್ ಕೋಣೆಯ ಹಸಿರು ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಮುಖ ಮಗುವಿನ ಮುಖದಂತೆ ಅರಳಿತ್ತು.

"ಬನ್ನಿ ಬನ್ನಿ, ಇದನ್ನ ನೋಡಿ. ಆರನೇ ಗಂಟೆಗೆ ಐದು, ಹನ್ನೆರಡನೇ ಗಂಟೆಗೆ ಒಂಬತ್ತು. ಐದರಿಂದ ಒಂಬತ್ತಕ್ಕೆ ಹೇಗೆ ಹಾರಿತು ಅಂತ ಇವರು ಕೇಳ್ತಾ ಇದ್ರು. ಅದೇ ಅಲ್ವಾ ನಾವು ಹೇಳ್ತಾ ಇರೋದು? ಮದ್ದು ಆರೇಳು ಗಂಟೆ ಹಿಡಿದಿಟ್ಟು ಆಮೇಲೆ ಕೈಬಿಡುತ್ತೆ. ಲಕೋಟೆ ಒಡೆಯೋವರೆಗೆ ಬಾಯಿ ಬಿಡಬಾರದು, ನಿಜ. ಆದ್ರೆ ಇಷ್ಟು ಸ್ಪಷ್ಟವಾದ ಗೆರೆ ನನಗೆ ಬೇರೆ ಯಾವ ಹೆಂಗಸಿನಲ್ಲೂ ಸಿಕ್ಕಿಲ್ಲ."

"ಚೆನ್ನಾಗಿದೆ" ಎಂದ ಭೂತಗನ್ನಡಿ, ಮೆತ್ತಗೆ. "ಸಿಸ್ಟರ್ ಬರೆದ ಕಾಗದಗಳನ್ನ ನೋಡೋದೇ ಒಂದು ಸುಖ. ಬೇರೆ ಕಡೆ ಎಲ್ಲಾ ಕಾಗೆ ಕಾಲು ಗುಬ್ಬಿ ಕಾಲು. ಇಲ್ಲೊಂದು ತಿದ್ದುಪಡಿ ಇಲ್ಲ." ಪುಟದ ಕೊನೆಗೆ ಬೆರಳಿಟ್ಟ. "ಆರನೇ ಗಂಟೆಯದು ನೀವೇ ಕೇಳಿದ್ದಲ್ವಾ? ನಿಯಮದ ಪ್ರಕಾರ, ಮೊದಲು ಹೇಳಿದ ಅಂಕಿ?"

ಪ್ರತಿ ಕಡತಕ್ಕೂ ಅವನು ಇದನ್ನು ಕೇಳುತ್ತಾನೆ. ಕೇಳಲೇಬೇಕೆಂದು ಕೇಳುವ ಪ್ರಶ್ನೆ, ಉತ್ತರ ಬರುವ ಮೊದಲೇ ಪೆನ್ನಿನ ಮುಚ್ಚಳ ತೆಗೆಯುತ್ತಾನೆ. ಮೇಡಂ ಅವಳ ಕಡೆ ನೋಡಿ ನಗುತ್ತಿದ್ದರು. ಅವಳ ಬಾಯಿ ತೆರೆಯಿತು. ತೆರೆದ ಬಾಯಿಯಿಂದ "ಹೌದು ಸಾರ್" ಎಂಬ ಮಾತು ಎಷ್ಟು ಸಲೀಸಾಗಿ ಹೊರಬಂತೆಂದರೆ ಬೇರೆ ಯಾರೋ ಉತ್ತರ ಕೊಟ್ಟರೇನೋ ಎಂದು ಒಂದು ಗಳಿಗೆ ಕಾದಳು. ಯಾರೂ ಇರಲಿಲ್ಲ. ಅವನು ಪೆನ್ನಿನ ತುದಿಯನ್ನು ಒಂದು ಚೂರು ಕಾಗದದ ಮೇಲೆ ಗೀಚಿ ಮಸಿ ಬರುತ್ತದೆಯೇ ನೋಡಿದ. ಬಂತು.

ಅವಳ ಹಿಂದೆ ಬಾಗಿಲು ಕಿರ್ ಎಂದಿತು. ಅವಳು ತಿರುಗಲಿಲ್ಲ. ಯಾರು ಬಂದರೆಂದು ಅವಳ ಬೆನ್ನಿಗೆ ಗೊತ್ತಿತ್ತು.

"ಏನಮ್ಮಾ, ಏನು ಬೇಕು?" ಎಂದ ಭೂತಗನ್ನಡಿ, ತಲೆಯೆತ್ತಿ. ಮಕ್ಕಳನ್ನು ಕಂಡರೆ ಅವನಿಗೆ ಇಷ್ಟ ಎಂದು ಕಾಣುತ್ತದೆ, ಕೈಯಲ್ಲಿದ್ದ ಪೆನ್ನು ಗಾಳಿಯಲ್ಲೇ ನಿಂತಿತು.

ಮಗಳು ಬಂದು ಅಮ್ಮನ ಎದುರಿಗೆ ನಿಂತಳು. ಅಳುವುದಿಲ್ಲವೆಂದು ಹಟ ಹಿಡಿದು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿಕೊಂಡಿದ್ದಳು. ಅಷ್ಟು ಹೊತ್ತಿನಿಂದ ಬೆಂಚಿನ ಮೇಲೆ ಒಬ್ಬಳೇ ಕೂತು ಏನನ್ನೋ ಕೂಡಿ, ಕಳೆದು, ಮತ್ತೆ ಕೂಡಿ ನೋಡಿದ್ದು ಆ ಮುಖದ ಮೇಲೆ ಕಾಣುತ್ತಿತ್ತು. ಅವಳು ಬಗ್ಗಿ ಮಗಳ ಬಾಯಿಯ ಮೇಲೆ ಕೈ ಇಡಬಹುದಿತ್ತು. ಆಮೇಲೆ ಎನ್ನಬಹುದಿತ್ತು. ಕೈ ಏಳಲಿಲ್ಲ.

"ಆಮೇಲೆ ಅಂದೆಯಲ್ಲ. ಈಗ ಆಮೇಲೆ ಆಯ್ತಾ?" ಎಂದಳು ಮಗಳು. "ಆ ಆಂಟಿ ಎಂಟು ಅಂದಿದ್ರಂತೆ. ನೀನು ಸ್ಕೂಲ್ ಹತ್ರ ಬರಬೇಕಿತ್ತಂತೆ. ಅದಕ್ಕೇ ಐದು ಅಂತ ಬರೆಸಿ, ಗೋಡೆ ನೋಡ್ಕೊಂಡು ಮಲಗಿದ್ರಂತೆ. ಅವರಿಗೆ ಅಷ್ಟೊಂದು ನೋವಾಗಿದ್ದು ನನ್ನಿಂದಾನಾ, ಅಮ್ಮಾ?"